ನಷ್ಟದ ಚಿತ್ರ ತೆಗೆಯುವವನಿಗೂ ಕೂಲಿಯುಂಟು

ಗೂಡಲೂರಿನಿಂದ ಮೈಸೂರಿಗೆ ಹೊರಟ ಬಂಧುಗಳಿಗೆಲ್ಲ ತೊರಪಳ್ಳಿಯ ಪರಿಚಯವಿದ್ದೇ ಇದೆ. ಮುದುಮಲೆಯ ಕಾಡು ಆರಂಭವಾಗುವ ಮುನ್ನ ಚಹಾ ಕುಡಿಯಲು ವಾಹನಗಳು ನಿಲ್ಲುವ ಊರು. ಮುಂದಿನ ಬಂಡೀಪುರದ ರಸ್ತೆಯು 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಆದಕಾರಣ ಸಂಜೆಯಾಯಿತೆಂದರೆ ಮೂರು ರಾಜ್ಯಗಳ ಲಾರಿಗಳಿಗೂ ಅವಸರ. ಅವಸರವಿದ್ದಲ್ಲಿ ಅಪಘಾತವೂ ಉಂಟು.

ಇಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಛಾಯಾಚಿತ್ರದ ಅಂಗಡಿಯನ್ನು ಇಟ್ಟಿದ್ದಾನೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿಯ ಬಾಡಿಗೆಯೂ ಹುಟ್ಟದಾಯಿತು. "ಮೇಷ್ಟ್ರೇ, ಕ್ಯಾಮೆರಾ ಮಾರಿ ತಿರುಪ್ಪೂರಿಗೆ ಹೋಗುತ್ತೇನೆ" ಎಂದು ಅವನು ಬಂದು ನಿಂತಾಗ ನನಗೆ ನನ್ನದೇ ಮೂರ್ಖತನದ ನೆನಪಾಯಿತು. ಮಳೆಗಾಲವೊಂದರಲ್ಲಿ ಕೊಂಬೆ ಬಿದ್ದು ನನ್ನ ಸ್ಕೂಟರು ಜಖಂಗೊಂಡಿತ್ತು. ನಾನೋ ಅದನ್ನು ತೊಳೆಸಿ, ರಿಪೇರಿಗೆ ಬಿಚ್ಚಿಸಿ, ಆಮೇಲೆ ವಿಮೆಯವರಿಗೆ ತಿಳಿಸಿದೆ. ಸ್ಥಳದ ಒಂದು ಚಿತ್ರವೂ ಇರಲಿಲ್ಲವಾಗಿ ಕೇಳಿದ್ದರ ಅರ್ಧವೂ ಕೈಗೆ ಬರಲಿಲ್ಲ. ಆ ಚಿತ್ರವನ್ನು ಹೊತ್ತಿಗೆ ಸರಿಯಾಗಿ ತೆಗೆಯಬಲ್ಲವನಿಗೆ ಯಾರಾದರೂ ಹಣ ಕೊಡಲಾರರೇ?

ವಿಚಾರಿಸಿದಾಗ ತಿಳಿದುದಿಷ್ಟು. 1938ರ ವಿಮಾ ಅಧಿನಿಯಮದ ಮೇರೆಗೆ ದೊಡ್ಡ ನಷ್ಟವನ್ನು ಪರವಾನಗಿಯುಳ್ಳ ಸರ್ವೇಯರೇ ಅಳೆಯಬೇಕು. 2015ರ ನಿಯಮಗಳು ಇದಕ್ಕೆ ಗೊತ್ತುಮಾಡಿದ ಮೊತ್ತ ವಾಹನಕ್ಕೆ 50,000 ರೂಪಾಯಿ, ಇತರ ಸ್ವತ್ತಿಗೆ 1 ಲಕ್ಷ. ಸರ್ವೇಯರರು ದೂರದ ಪಟ್ಟಣದಿಂದ ಘಟ್ಟ ಹತ್ತಿ ಬರುವುದರೊಳಗೆ ಕ್ರೇನು ಲಾರಿಯನ್ನು ಎಳೆದೊಯ್ದಿರುತ್ತದೆ, ಮಳೆ ಗುರುತುಗಳನ್ನು ತೊಳೆದಿರುತ್ತದೆ. ಸ್ಥಳದಲ್ಲಿರುವ ನಂಬಿಕೆಯ ಕೈಗೆ ಅಲ್ಲಿಯೇ ಕೆಲಸ.

ಇದಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಬರುವುದಿಲ್ಲ. ನಮ್ಮ ಹುಡುಗನು ಹತ್ತು ಮಾದರಿ ಚಿತ್ರಗಳನ್ನು ಹಿಡಿದು ಊಟಿ, ಮೈಸೂರುಗಳಲ್ಲಿ ಸರ್ವೇಯರರ ಮನೆಬಾಗಿಲಿಗೇ ಹೋದನು. ಅವುಗಳಲ್ಲಿ ಸೊಗಸೇನೂ ಇರಲಿಲ್ಲ. ವಾಹನದ ನಾಲ್ಕು ಮೂಲೆಗಳು, ಫಲಕದ ಸಂಖ್ಯೆ, ಚಾಸಿ ಸಂಖ್ಯೆ, ಓಡಿದ ಕಿಲೋಮೀಟರು, ಮುರಿದ ಭಾಗ ಮೊದಲು ದೂರದಿಂದ, ಬಳಿಕ ಹತ್ತಿರದಿಂದ, ಜೊತೆಗೆ ಅಳತೆಪಟ್ಟಿ. ರಸ್ತೆ ಮತ್ತು ಮೈಲಿಗಲ್ಲು ಕಾಣುವಂತೆ ಒಂದು. ಮದುವೆಯ ಚಿತ್ರದಂತೆ ಬಣ್ಣ ತಿದ್ದಿದರೆ ಕೆಲಸ ಕೆಟ್ಟಿತು! ಮೂಲ ಕಡತವನ್ನು ಮುಟ್ಟದೆ ಕಾಪಾಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಇಂತಹ ವಿದ್ಯುನ್ಮಾನ ಚಿತ್ರವು ನ್ಯಾಯಾಲಯಕ್ಕೆ ಹೋದರೆ ಪ್ರಮಾಣಪತ್ರವೂ ಬೇಕು.

ಲಾರಿಗಳಷ್ಟೇ ಅಲ್ಲ. ಅವಧಿ ತಪ್ಪಿದ ವಾಹನ ವಿಮೆಯನ್ನು ನವೀಕರಿಸುವ ಮುನ್ನ ವಾಹನದ ತಪಾಸಣೆ, ಬೆಂಕಿಗೆ ಸಿಕ್ಕ ಗೋದಾಮು, ಕಿವಿಯೋಲೆ ಹಾಕಿದ ಹಸುವಿನ ವಿಮೆ, ಇವೆಲ್ಲಕ್ಕೂ ಚಿತ್ರ ಬೇಕು. ಆದರೆ ಆಸೆ ಹುಟ್ಟಿಸಿ ಮೋಸಮಾಡಲಾರೆ: ಸಣ್ಣಪುಟ್ಟ ನಷ್ಟಗಳಿಗೆ ಮಾಲೀಕರೇ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸುವ ಏರ್ಪಾಡು ಈಗ ಉಂಟು. ಇದು ಸಂಬಳದ ನೌಕರಿಯಲ್ಲ. ಕೆಲಸಕ್ಕೆ ಇಷ್ಟೆಂದು ಕೂಲಿ, ಅದೂ ಕೆಲವೊಮ್ಮೆ ಎರಡು ತಿಂಗಳು ತಡವಾಗಿ. ಹೋಗಿಬರುವ ಖರ್ಚನ್ನು ಮೊದಲೇ ಮಾತಾಡಿಕೊಳ್ಳದೆ ಹುಡುಗನು ಎರಡು ಬಾರಿ ಕೈಸುಟ್ಟುಕೊಂಡನು.

ಕಳೆದ ಆಷಾಢದಲ್ಲಿ ಒಬ್ಬ ಲಾರಿ ಮಾಲೀಕನು ಹಳೆಯ ನಗ್ಗನ್ನು ಹೊಸ ಅಪಘಾತದೊಳಗೆ ಸೇರಿಸಿ ಚಿತ್ರ ತೆಗೆಯೆಂದು ನೋಟುಗಳನ್ನು ಮುಂದೆ ಹಿಡಿದನಂತೆ. ಅಂಗಡಿಯ ಬಾಡಿಗೆ ಬಾಕಿಯಿದ್ದ ತಿಂಗಳು ಅದು. ಅವನು ತುಕ್ಕು ಹಿಡಿದ ಆ ನಗ್ಗನ್ನು ಹತ್ತಿರದಿಂದ, ತುಕ್ಕು ಕಾಣುವಂತೆಯೇ ತೆಗೆದು ಕಳಿಸಿದನು. ಮಾಲೀಕನು ಇಂದಿಗೂ ಅವನೊಡನೆ ಮಾತಾಡುವುದಿಲ್ಲ. ಸರ್ವೇಯರರು ಮಾತ್ರ ಮರುವಾರವೇ ನಡುವಟ್ಟಂ ಘಟ್ಟದ ಕೆಲಸವೊಂದಕ್ಕೆ ಕರೆದರು. ಈಗ ಅವರು, "ಡಿಪ್ಲೊಮಾ ಓದಿದ ನಿನ್ನ ತಮ್ಮನನ್ನು ನನ್ನ ಬಳಿ ತರಬೇತಿಗೆ ಬಿಡು, ಪರೀಕ್ಷೆ ಕಟ್ಟಿ ಸರ್ವೇಯರನಾಗಲಿ" ಎನ್ನುತ್ತಿದ್ದಾರೆ. ತಮ್ಮನು ಇನ್ನೂ ಒಪ್ಪಿಲ್ಲ. ಅವನ ಮನಸ್ಸು ಬೆಂಗಳೂರಿನಲ್ಲಿದೆ.