ಬಯಲಲ್ಲಿಟ್ಟ ಮೊಟ್ಟೆಗೆ ಬಣ್ಣದ ಮರೆ

ಮೊಟ್ಟೆಯ ಚಿಪ್ಪು ಸುಣ್ಣದ್ದು. ಹಕ್ಕಿಯ ಒಡಲು ಅದಕ್ಕೆ ಬಣ್ಣ ಸೇರಿಸದಿದ್ದರೆ ಬಿಳಿಯಾಗಿಯೇ ಹೊರಬರುತ್ತದೆ. ಮರದ ಪೊಟರೆಯಲ್ಲಿಡುವ ಗಿಳಿ, ಮರಕುಟಿಗಗಳ ಮೊಟ್ಟೆ ಬಿಳಿ. ಹೊಳೆದಂಡೆಯ ಮಣ್ಣು ಕೊರೆದು ಬಿಲದ ತುದಿಯಲ್ಲಿಡುವ ಮಿಂಚುಳ್ಳಿಯದೂ ಬಿಳಿಯೇ. ಕತ್ತಲಲ್ಲಿ ಕೂತ ಮೊಟ್ಟೆಗೆ ಬೇರೆ ಮರೆ ಬೇಕಿಲ್ಲ. ಬಣ್ಣದ ಮಾತು ಬರುವುದು ಬಟಾಬಯಲಲ್ಲಿ, ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಲ್ಲಿ.

ನಮ್ಮ ಟಿಟ್ಟಿಭವನ್ನೇ ತೆಗೆದುಕೊಳ್ಳಿ. ಪಂಚತಂತ್ರದಲ್ಲಿ ಸಮುದ್ರ ಕೊಚ್ಚಿಕೊಂಡು ಹೋದದ್ದು ಇದರ ಮೊಟ್ಟೆಗಳನ್ನೇ. ಬಯಲಲ್ಲಿಡುವ ಹಕ್ಕಿಯ ಪಾಡನ್ನು ಆ ಕಥೆ ಕಟ್ಟಿದವರು ಕಣ್ಣಾರೆ ಕಂಡಿದ್ದಿರಬೇಕು. ಕೆರೆಯಂಗಳದಲ್ಲೋ ಕುಯ್ಲಾದ ಹೊಲದಲ್ಲೋ ಟಿಟ್ಟಿಭ ನೆಲವನ್ನು ಕೆರೆದು ಒಂದು ತಗ್ಗು ಮಾಡಿಕೊಳ್ಳುತ್ತದೆ. ಸುತ್ತ ಒಂದಷ್ಟು ಹರಳು, ಆಡಿನ ಹಿಕ್ಕೆ. ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖವಾಗಿ. ಮಾಸಲು ಕಂದು ಮೈ, ಅದರ ತುಂಬ ಕಪ್ಪು ಮಚ್ಚೆ. ಮಚ್ಚೆಯ ಕೆಲಸ ಬಣ್ಣದ ಕೆಲಸಕ್ಕಿಂತ ಕಡಿಮೆಯದಲ್ಲ. ಮೊಟ್ಟೆಯನ್ನು ಬಯಲು ಮಾಡುವುದು ಅದರ ದುಂಡನೆಯ ಅಂಚು. ಒರಟೊರಟಾದ ಕಲೆಗಳು ಆ ಅಂಚನ್ನೇ ಅಲ್ಲಲ್ಲಿ ಕಡಿದುಹಾಕುತ್ತವೆ. ನೋಡುವ ಕಣ್ಣಿಗೆ ಮೊಟ್ಟೆಯ ಆಕಾರ ಸಿಗುವುದಿಲ್ಲ, ಹರಳು ಮಣ್ಣಿನ ನೆಲವಷ್ಟೇ ಸಿಗುತ್ತದೆ.

ಜಗತ್ತಿನ ಹಕ್ಕಿಗಳ ಮೊಟ್ಟೆಗಳಲ್ಲಿ ಕಾಣುವ ಬಣ್ಣಗಳೆಲ್ಲ ಹೆಚ್ಚುಕಡಿಮೆ ಎರಡೇ ವಸ್ತುಗಳಿಂದ ಆದವು. ಕೆಂಪು, ಕಂದುಗಳಿಗೆ ಪ್ರೋಟೋಪಾರ್ಫಿರಿನ್. ನೀಲಿ, ಹಸಿರುಗಳಿಗೆ ಬಿಲಿವರ್ಡಿನ್. ಎರಡೂ ರಕ್ತದ ಕೆಂಪಿಗೆ ಕಾರಣವಾದ ಹೀಮ್‌ನ ನೆಂಟರು: ಮೊದಲನೆಯದು ಹೀಮ್ ತಯಾರಾಗುವ ಹಾದಿಯಲ್ಲಿ ಹುಟ್ಟುತ್ತದೆ, ಎರಡನೆಯದು ಹೀಮ್ ಒಡೆದಾಗ. ಪೆಟ್ಟು ಬಿದ್ದ ಜಾಗ ಕೆಲವು ದಿನಕ್ಕೆ ಹಸಿರುಗಟ್ಟುವುದು ಈ ಬಿಲಿವರ್ಡಿನ್‌ನಿಂದಲೇ. ಕೋಳಿಯ ಒಡಲಲ್ಲಿ ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ. ಬಣ್ಣದ ಬಹುಪಾಲು ಕೂಡಿಕೊಳ್ಳುವುದು ಕೊನೆಯ ಕೆಲವು ಗಂಟೆಗಳಲ್ಲಿ.

ಹಕ್ಕಿ ನೆಲವನ್ನು ನೋಡಿ ಬಣ್ಣ ಬೆರೆಸುತ್ತದೆ ಎಂದುಕೊಳ್ಳಬಾರದು. ಒಂದು ಹೆಣ್ಣು ಇಡುವ ಮೊಟ್ಟೆಗಳ ಬಣ್ಣ ಚಿತ್ತಾರಗಳು ಬಹುಮಟ್ಟಿಗೆ ಅದು ಹುಟ್ಟಿನಿಂದಲೇ ಪಡೆದು ಬಂದವು. ಮಲಬಾರಿನ ಕೆಂಪು ಮುರಕಲ್ಲಿನ ಸೀಮೆಯಲ್ಲಿ ಹಳದಿ ಟಿಟ್ಟಿಭದ ಕೆಂಬಣ್ಣದ ಮೊಟ್ಟೆಗಳು ದಾಖಲಾಗಿವೆ. ಅಂಥ ನೆಲದಲ್ಲಿ ಬೂದು ಮೊಟ್ಟೆಯನ್ನು ಕಾಗೆ ಬೇಗ ಕಾಣುತ್ತದೆ, ತುಸು ಕೆಂಪಾದದ್ದು ಕಣ್ತಪ್ಪಿ ಉಳಿಯುತ್ತದೆ. ಉಳಿದ ಮೊಟ್ಟೆಯಿಂದ ಬಂದ ಹೆಣ್ಣು ಮುಂದೆ ಕೆಂಪು ಮೊಟ್ಟೆಯನ್ನೇ ಇಡುತ್ತದೆ. ಇದು ತಲೆಮಾರುಗಟ್ಟಲೆ ನಡೆದರೆ ಬಣ್ಣ ನೆಲಕ್ಕೆ ಹೊಂದಿಬಿಡುತ್ತದೆ.

ಆದರೆ ಬಣ್ಣವೊಂದರಿಂದಲೇ ಮೊಟ್ಟೆ ಉಳಿಯುವುದಿಲ್ಲ, ಹಕ್ಕಿಯ ನಡವಳಿಕೆಯೂ ಅದಕ್ಕೆ ಒಪ್ಪಬೇಕು. ಜಪಾನಿ ಲಾವಕ್ಕಿಗಳ ಮೇಲೆ ನಡೆದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಬಣ್ಣದ ಮರಳು ಹಾಸಿಕೊಟ್ಟಾಗ ಪ್ರತಿ ಹೆಣ್ಣೂ ತನ್ನ ಮೊಟ್ಟೆ ಚೆನ್ನಾಗಿ ಮರೆಯಾಗುವ ಜಾಗವನ್ನೇ ಆಯ್ದುಕೊಳ್ಳುವ ಕಡೆಗೆ ವಾಲಿತು. ಮೊಟ್ಟೆಯ ಬಣ್ಣ ಬದಲಿಸಲಾಗದ ಹಕ್ಕಿ ನೆಲವನ್ನು ಬದಲಿಸಿಕೊಳ್ಳುತ್ತದೆ.

ಜಾಂಬಿಯಾದ ಬಯಲುಗಳಲ್ಲಿ ಜೋಲಿಯನ್ ಟ್ರೋಶಾಂಕೊ, ಮಾರ್ಟಿನ್ ಸ್ಟೀವನ್ಸ್, ಕ್ಲೇರ್ ಸ್ಪಾಟಿಸ್ವುಡ್ ಮತ್ತು ಸಂಗಡಿಗರು ಗೂಡುಗಳ ಚಿತ್ರ ತೆಗೆದು, ಬೇಟೆಗಾರ ಪ್ರಾಣಿಗಳ ಕಣ್ಣಿಗೆ ಅವು ಹೇಗೆ ಕಾಣುತ್ತವೆಂದು ಲೆಕ್ಕ ಹಾಕಿದರು. 2016ರಲ್ಲಿ ಬಂದ ಅವರ ವರದಿ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಟಿಟ್ಟಿಭದ ಬಳಗದವೂ ಕೋರ್ಸರ್ ಎಂಬ ಓಟದ ಹಕ್ಕಿಗಳೂ ಅಪಾಯ ಇನ್ನೂ ದೂರವಿರುವಾಗಲೇ ಗೂಡು ಬಿಟ್ಟು ಸರಿಯುತ್ತವೆ. ಅವುಗಳಲ್ಲಿ ಯಾವ ಗೂಡು ಉಳಿಯಿತೆಂಬುದು ಮೊಟ್ಟೆ ನೆಲಕ್ಕೆ ಎಷ್ಟು ಹೊಂದಿತ್ತೆಂಬುದರ ಮೇಲೆ ನಿಂತಿತ್ತು. ನತ್ತಿಂಗ ಹಾಗಲ್ಲ. ತೀರಾ ಹತ್ತಿರ ಬರುವವರೆಗೂ ಅದು ಮೊಟ್ಟೆ ಬಿಟ್ಟು ಏಳುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬಂದದ್ದು ಕೂತ ಹಕ್ಕಿಯ ರೆಕ್ಕೆಪುಕ್ಕದ ಹೊಂದಿಕೆ.

ಮರಿ ಹೊರಬಂದರೂ ಅಪಾಯ ಮುಗಿಯದು, ಏಕೆಂದರೆ ಚಿಪ್ಪಿನ ಒಳಮೈ ಬಿಳಿ. ಚಳಿಗಾಲದಲ್ಲಿ ನಮ್ಮ ಕರಾವಳಿಗೂ ಬರುವ ಕಪ್ಪುತಲೆಯ ಕಡಲಹಕ್ಕಿ, ಮರಿಯೊಡೆದ ಕೆಲವೇ ಗಂಟೆಗಳಲ್ಲಿ ಒಡೆದ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಒಯ್ದು ಬಿಸಾಡುತ್ತದೆ. ನಿಕೊ ಟಿನ್‌ಬರ್ಗೆನ್ ಇಂಗ್ಲೆಂಡಿನ ರೇವನ್‌ಗ್ಲಾಸ್‌ನ ಮರಳುದಿಬ್ಬಗಳಲ್ಲಿ ಇದನ್ನು ಪರೀಕ್ಷಿಸಿ 1962ರಲ್ಲಿ ಪ್ರಕಟಿಸಿದರು. ಮೊಟ್ಟೆಯ ಪಕ್ಕದಲ್ಲಿ ಒಡೆದ ಚಿಪ್ಪು ಇಟ್ಟರೆ ಕಾಗೆಗಳೂ ಬೇರೆ ಕಡಲಹಕ್ಕಿಗಳೂ ಮೊಟ್ಟೆಯನ್ನು ಹೆಚ್ಚಾಗಿ ಕದ್ದವು. ಚಿಪ್ಪು ಹತ್ತಿರವಿದ್ದಷ್ಟೂ ನಷ್ಟ ಹೆಚ್ಚು. ಹಾಗಿದ್ದರೂ ತಾಯಿ ಚಿಪ್ಪನ್ನು ಕೂಡಲೇ ಎತ್ತುವುದಿಲ್ಲ. ಮೈ ಒದ್ದೆಯಿರುವ ಮರಿಯನ್ನು ಒಂಟಿಯಾಗಿ ಬಿಟ್ಟರೆ ನೆರೆಯ ಕಡಲಹಕ್ಕಿಯೇ ನುಂಗಿಬಿಡಬಹುದು. ಮರಿ ಒಣಗಲಿ ಎಂದು ಕಾಯುತ್ತದೆ.

ಇನ್ನು ಬಿಸಿಲು. ಕಡುಬಣ್ಣದ ವಸ್ತು ಬಿಸಿಲಲ್ಲಿ ಬೇಗ ಕಾಯುತ್ತದೆ. ಕೆನ್ಯಾದಲ್ಲಿ ಉಷ್ಟ್ರಪಕ್ಷಿಯ ಬಿಳಿಚಿದ ಮೊಟ್ಟೆಗಳಿಗೆ ಕಂದು ಬಣ್ಣ ಬಳಿದು ನೋಡಿದಾಗ ಅವು ಶತ್ರುವಿನ ಕಣ್ಣಿಗೆ ಬೀಳುವುದು ಕಡಿಮೆಯಾಯಿತು, ಒಳಗಿನ ಕಾವು ಮಾತ್ರ ಏರಿತು. ಹಕ್ಕಿಗಳ ಸ್ವಂತ ಬಣ್ಣಗಳು ಈ ಇಕ್ಕಟ್ಟನ್ನು ಕೊಂಚ ಸಡಿಲಿಸುತ್ತವೆ: ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟಿರುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಆ ಎರಡೂ ವಸ್ತುಗಳು ಅಷ್ಟಾಗಿ ಹೀರುವುದಿಲ್ಲ. ಆದರೂ ನಮ್ಮ ಬೇಸಿಗೆಯ ನೆತ್ತಿಬಿಸಿಲಿಗೆ ಅದು ಸಾಲದು. ಟಿಟ್ಟಿಭ ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಅವನ್ನು ತಣಿಸುತ್ತದೆ.

ಹೀಗಾಗಿ ಗೂಡಿನ ಹತ್ತಿರ ನಿಂತ ಮನುಷ್ಯ ಮೊಟ್ಟೆಯನ್ನು ಮುಟ್ಟದೆಯೂ ಕೆಡಿಸಬಲ್ಲ. ತಲೆಯ ಮೇಲೆ ಟಿಟ್ಟಿಭ ಕೂಗುತ್ತ ಸುತ್ತುತ್ತಿದ್ದರೆ ನೆಲದಲ್ಲಿ ಮೊಟ್ಟೆಯೋ ಮರಿಯೋ ಇದ್ದೀತು. ಫೋಟೋಗಾಗಿ ಹುಡುಕುತ್ತ ನಿಂತಷ್ಟು ಹೊತ್ತು ಹಕ್ಕಿ ಗೂಡಿಗೆ ಇಳಿಯುವುದಿಲ್ಲ, ಬಿಸಿಲು ಏರುತ್ತಲೇ ಇರುತ್ತದೆ, ಹತ್ತಿರದ ಜಾಲಿಮರದ ಕಾಗೆ ಎಲ್ಲವನ್ನೂ ನೋಡುತ್ತಿರುತ್ತದೆ. ಕಾಲಿಡುವ ಮುನ್ನ ನೆಲ ನೋಡಿಕೊಂಡು, ಬಂದ ದಾರಿಯಲ್ಲೇ ಬೇಗ ಹಿಂತಿರುಗಬೇಕು.