ಜಿಡಗಾ ಸೀಮೆಯ ನೀರೂ ಡಿಸ್ಕಸ್ ಮೀನಿನ ಸಾಕಣೆಯೂ

ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ಅಭಿರುಚಿಯು ಪಟ್ಟಣಗಳಿಗೆ ಮಾತ್ರ ಸೇರಿದುದಲ್ಲ. ಈ ಮೀನುಗಳಲ್ಲಿ ಡಿಸ್ಕಸ್ ಎಂಬುದು ಅಂದದಲ್ಲಿಯೂ ಬೆಲೆಯಲ್ಲಿಯೂ ಮೇಲಾದುದು. ತಟ್ಟೆಯಂತೆ ದುಂಡಗೆ ಚಪ್ಪಟೆಯಾಗಿ 15ರಿಂದ 20 ಸೆಂಟಿಮೀಟರಿನವರೆಗೆ ಬೆಳೆಯುವ ಇದು ದಕ್ಷಿಣ ಅಮೆರಿಕದ ಅಮೆಜಾನ್ ನದೀ ಪ್ರಾಂತದ್ದು. ಆಸ್ಟ್ರಿಯದ ಹೆಕೆಲ್ ಎಂಬ ಪಂಡಿತನು 1840ರಲ್ಲಿ ಇದನ್ನು ಮೊದಲು ವರ್ಣಿಸಿದನು. ತಾಯಿತಂದೆಗಳ ಮೈಯಿಂದ ಒಸರುವ ಲೋಳೆಯನ್ನೇ ತಿಂದು ಮರಿಗಳು ಮೊದಲ ದಿನಗಳನ್ನು ಕಳೆಯುವುದು ಇದರ ವಿಶೇಷ.

ಜೋಡಿಯೊಂದನ್ನು ತಂದು ಮರಿ ಮಾಡಿಸಿ ಮಾರಿದರೆ ಲಾಭವುಂಟೆಂದು ಜಮೀನುದಾರರು ಎಣಿಸುವುದು ಸಹಜ. ಆದರೆ ಹಣ ಹೂಡುವ ಮೊದಲು ನೀರನ್ನು ಪರೀಕ್ಷಿಸತಕ್ಕದ್ದು. ಡಿಸ್ಕಸ್ ಹುಟ್ಟಿದ ನೀರು ಮಳೆನೀರಿನಷ್ಟು ಮೃದುವಾದುದು, ತುಸು ಆಮ್ಲಗುಣವುಳ್ಳದ್ದು. ಜಿಡಗಾ ಮೊದಲಾದ ಆಳಂದ ಸೀಮೆಯ ಎರೆ ಭೂಮಿಯು ಕರಿಕಲ್ಲಿನ ಮೇಲೆ ನೆಲೆಸಿದೆ. ಸುಣ್ಣದ ಅಂಶವನ್ನು ಕರಗಿಸಿಕೊಂಡು ಬರುವ ಬಾವಿನೀರು ಬಹುಮಟ್ಟಿಗೆ ಗಡುಸು. ಸಾಬೂನು ನೊರೆ ಕೊಡದೆ, ತೊಗರಿಬೇಳೆ ಬೇಗ ಬೇಯದೆ ಇರುವ ಬಾವಿಯನ್ನು ಮನೆಯ ಹೆಂಗಸರು ಯಾವ ಯಂತ್ರವೂ ಇಲ್ಲದೆ ಗುರುತಿಸಬಲ್ಲರು. ಸಾಕಣೆಯಲ್ಲೇ ಹುಟ್ಟಿ ಬೆಳೆದ ಡಿಸ್ಕಸ್ ಸಾಧಾರಣ ಗಡುಸು ನೀರಿಗೆ ಮೆಲ್ಲಮೆಲ್ಲನೆ ಹೊಂದಿಕೊಂಡು ಬದುಕೀತು; ಆದರೆ ಅಂಥ ನೀರಿನಲ್ಲಿಟ್ಟ ಮೊಟ್ಟೆಗಳು ಒಡೆದು ಮರಿಯಾಗುವುದು ಅಪರೂಪ. ಲಾಭದ ಲೆಕ್ಕ ತಪ್ಪುವುದು ಇಲ್ಲಿಯೇ.

ಇದಕ್ಕೆ ಸುಲಭವಾದ ಉಪಾಯ ಮಳೆನೀರು. ಹತ್ತು ಚದರ ಮೀಟರ್ ಛಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 200 ಲೀಟರ್ ನೀರು ದೊರೆಯುವುದು. ಮಣ್ಣಿನ ಮಾಳಿಗೆಯ ನೀರೂ ಸುಣ್ಣ ಬಳಿದ ಛಾವಣಿಯ ನೀರೂ ಬೇಡ. ತಗಡಿನ ಮೇಲಿನದಾದರೂ ಮೊದಲ ಮಳೆಯನ್ನು ಹರಿಯಬಿಟ್ಟು ಆಮೇಲಿನದನ್ನು ಮುಚ್ಚಿದ ಪಾತ್ರೆಯಲ್ಲಿ ಶೇಖರಿಸಬೇಕು. ಬರಿಯ ಮಳೆನೀರನ್ನೂ ಹಾಕಲಾಗದು. ಸ್ವಲ್ಪ ಬಾವಿನೀರನ್ನು ಬೆರೆಸತಕ್ಕದ್ದು. ಬ್ಲೀಚಿಂಗ್ ಪುಡಿ ಹಾಕಿದ ನೀರಾದರೆ ಒಂದು ದಿನ ತೆರೆದಿಟ್ಟು ಬಳಸುವುದು ಲೇಸು.

ಮೀನಿನ ಮಲದಿಂದ ಹುಟ್ಟುವ ಅಮೋನಿಯವು ವಿಷ. ಹೊಲದಲ್ಲಿ ಯೂರಿಯವು ನೈಟ್ರೇಟ್ ಆಗುವಂತೆಯೇ, ತೊಟ್ಟಿಯಲ್ಲಿಯೂ ಸೂಕ್ಷ್ಮಜೀವಿಗಳು ಈ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ತರುವಾಯ ನೈಟ್ರೇಟ್ ಆಗಿಯೂ ಮಾರ್ಪಡಿಸುವುವು. ಅವು ಶೋಧಕದಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಹೊಸ ತೊಟ್ಟಿಗೆ ಅದೇ ದಿನ ಮೀನು ಬಿಟ್ಟವರಿಗೆ ನಷ್ಟ ಖಂಡಿತ. ಕ್ಷಾರಗುಣದ ಬಾವಿನೀರಿನಲ್ಲಿ ಇದೇ ಅಮೋನಿಯ ಇನ್ನಷ್ಟು ಘಾತಕವಾಗುವುದು. ಆರು ಮೀನುಗಳಿಗೆ 250 ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಯೂ, ವಾರದಲ್ಲಿ ಎರಡು ಸಲವಾದರೂ ಕಾಲುಭಾಗ ನೀರಿನ ಬದಲಾವಣೆಯೂ ಅವಶ್ಯಕ.

ನೀರಿನ ಶಾಖವು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಾರ್ಗಶಿರ ಪುಷ್ಯಗಳ ರಾತ್ರಿಗಳಲ್ಲಿ ಕಾಯಿಸುವ ಸಾಧನವಿಲ್ಲದೆ ನಡೆಯದು. ವಿದ್ಯುತ್ತು ನಿಂತರೆ ತೊಟ್ಟಿಗೆ ಕಂಬಳಿಯನ್ನು ಹೊದಿಸಿ, ಮೇಲ್ಭಾಗವನ್ನು ಗಾಳಿಗೆ ತೆರೆದಿಡಬಹುದು. ಬೇಸಗೆಯ ಕಷ್ಟ ಬೇರೆ. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುವುದರಿಂದ ಗಾಳಿಯಂತ್ರ ನಿಂತ ಹೊತ್ತಿನಲ್ಲಿ ಆಹಾರ ಹಾಕಕೂಡದು.

ಕೃಷಿಕರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. ತೊಗರಿಯ ಕಾಯಿಕೊರಕ ಹುಳುವಿಗೆ ಸಿಂಪಡಿಸುವ ಔಷಧಿಗಳಲ್ಲಿ ಹಲವು, ಮುಖ್ಯವಾಗಿ ಪೈರೆಥ್ರಾಯ್ಡ್ ಜಾತಿಯವು, ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಸಿಂಪಡಿಸಿ ಬಂದವರು ಸ್ನಾನ ಮಾಡದೆ ತೊಟ್ಟಿಯಲ್ಲಿ ಕೈಯಿಡಬಾರದು. ಔಷಧಿಯ ಕೊಡವನ್ನು ನೀರು ಬದಲಾಯಿಸಲು ಬಳಸಲೇಬಾರದು.

ಇಷ್ಟು ಆರೈಕೆ ಸಾಧ್ಯವಿಲ್ಲದವರಿಗೆ ಗಪ್ಪಿ ಮೀನು ಯೋಗ್ಯ. ಗಡುಸು ನೀರು ಅದಕ್ಕೆ ಹಿತ, ಸೊಳ್ಳೆಮರಿಗಳನ್ನೂ ತಿನ್ನುವುದು. ಗಪ್ಪಿಯಾಗಲಿ ಡಿಸ್ಕಸ್ ಆಗಲಿ, ಬೇಸರವಾಯಿತೆಂದು ಅಮರ್ಜಾ ಹೊಳೆಗೋ ಊರ ಕೆರೆಗೋ ಬಿಡಕೂಡದು. ಡಿಸ್ಕಸ್ಸಿನ ಕುಟುಂಬಕ್ಕೇ ಸೇರಿದ, ಜಿಲೇಬಿ ಮೀನೆನಿಸಿದ ತಿಲಾಪಿಯವನ್ನು 1952ರಲ್ಲಿ ಭಾರತಕ್ಕೆ ತಂದ ತರುವಾಯ ಅದು ಕೆರೆಕೆರೆಗಳಲ್ಲಿ ಹೆಚ್ಚಿ ನಾಡಿನ ಮೀನುಗಳನ್ನು ಒತ್ತರಿಸಿತು. ಸಾಕಲಾಗದ ಮೀನನ್ನು ಮಾರಿದ ಅಂಗಡಿಗೇ ಹಿಂದಿರುಗಿಸುವುದು, ಇಲ್ಲವೇ ಸಾಕಬಲ್ಲ ಬೇರೆಯವರಿಗೆ ಕೊಡುವುದು ಯುಕ್ತ.