ಗಂಗೆ ಏರುವ ತನಕ ಕಾಯೋಕಾಗುತ್ತಾ?

ಕಾಶಿಯಲ್ಲಿ ಓದುವ ಕನ್ನಡದ ಹುಡುಗರಿಗೆ ಯಾವ ಸಿಲಬಸ್ಸಿನಲ್ಲೂ ಇಲ್ಲದ ವಿಷಯವೊಂದು ಕಡ್ಡಾಯ. ಅದು ಊರಿನಿಂದ ಬಂದವರಿಗೆ ಗಂಗೆ ತೋರಿಸುವುದು. ಬಂದವರು ಜಂಗಮವಾಡಿ ಮಠದಲ್ಲಿ ಗಂಟುಮೂಟೆ ಇಳಿಸಿದ ಕೂಡಲೇ ಫೋನ್ ಮಾಡಿ, "ನಾಳೆ ದೋಣಿ ಇದ್ಯೇನೋ?" ಅಂತಾರೆ. ಬೇಸಿಗೆಯಲ್ಲಾದರೆ ಉತ್ತರ ಸುಲಭ. ಶ್ರಾವಣ ಭಾದ್ರಪದದಲ್ಲಿ ನೀರು ಏರಿತೆಂದರೆ ಆಡಳಿತದವರು ದೋಣಿಗಳನ್ನೇ ನಿಲ್ಲಿಸಿಬಿಡುತ್ತಾರೆ.

ಅದಕ್ಕೇ ನಾವು ಮೂವರು ಸೇರಿ ಪೈಥಾನಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆವು. ರಾಜಘಾಟಿನಲ್ಲಿ ಕೇಂದ್ರ ಜಲ ಆಯೋಗದವರು ಗಂಗೆಯ ಮಟ್ಟ ಅಳೆಯುತ್ತಾರೆ. ಎಚ್ಚರಿಕೆಯ ಗೆರೆ 70.262 ಮೀಟರು, ಅಪಾಯದ್ದು 71.262. 1978ರ ಸೆಪ್ಟೆಂಬರಿನಲ್ಲಿ ನೀರು 73.901ಕ್ಕೆ ಏರಿತ್ತು. ಮಟ್ಟವನ್ನು ಜಾಲದಿಂದ ತಂದುಕೊಡಲು ಯಾರೋ ಪುಣ್ಯಾತ್ಮರು ಬರೆದಿಟ್ಟ ಮಾಡ್ಯೂಲು ಸಿಕ್ಕಿತು. ಅದನ್ನು 'ನದಿ' ಅನ್ನೋಣ, ಅದರೊಳಗಿನ ಫಂಕ್ಷನ್ 'ಮಟ್ಟ_ತರು'. ನಮ್ಮ ಫೈಲು 'ದೋಣಿ'. ಮಟ್ಟ 70.262 ಮುಟ್ಟಿದರೆ 'ಬೇಡ', ಇಲ್ಲವಾದರೆ 'ಹೋಗಬಹುದು' ಅನ್ನುವುದು ಅದರ ಕೆಲಸ. ಇದು ಸರಕಾರದ ನಿಯಮವಲ್ಲ, ಮನೆಯ ಹಿರಿಯರಿಗಾಗಿ ನಾವೇ ಎಳೆದುಕೊಂಡ ಗೆರೆ.

ಬರೆದದ್ದು ಮಾಘಮಾಸದಲ್ಲಿ. ಗಂಗಮ್ಮ ಎಲ್ಲೋ ಕೆಳಗೆ, ಎದುರಿಗೆ ಮರಳೋ ಮರಳು. 'ಬೇಡ' ಅನ್ನುವ ಸಾಲು ಸರಿಯಿದೆಯೋ ಇಲ್ಲವೋ ಅಂತ ನೋಡಲು ಪ್ರವಾಹ ಬರುವ ತನಕ ಕಾಯೋಕಾಗುತ್ತಾ? ಸಾಲದ್ದಕ್ಕೆ ಹಾಸ್ಟೆಲಿನ ಇಂಟರ್‌ನೆಟ್ಟು ಕೈಕೊಟ್ಟಾಗಲೆಲ್ಲ ನಮ್ಮದೇನೂ ತಪ್ಪಿಲ್ಲದೆ ಟೆಸ್ಟು ಫೇಲಾಗುತ್ತಿತ್ತು.

ಇಂಥ ಕಡೆ ಬರುವುದೇ ಮಾಕ್. ಪತ್ರಿಕೆಗಳಲ್ಲಿ 'ಅಣಕು ಕಾರ್ಯಾಚರಣೆ' ಅಂತ ಓದುತ್ತೇವಲ್ಲ, ಬೆಂಕಿ ಬೀಳದೆಯೇ ಬೆಂಕಿ ಆರಿಸುವ ತಾಲೀಮು, ಅದೇ ಅಣಕು. ಮೈಕೆಲ್ ಫೂರ್ಡ್ ಬರೆದ ಈ ಉಪಕರಣ 2012ರಲ್ಲಿ ಪೈಥಾನ್ 3.3ರ ಜೊತೆಗೇ ಬರಲಾರಂಭಿಸಿತು. ಟೆಸ್ಟು ನಡೆಯುವಷ್ಟು ಹೊತ್ತು 'ಮಟ್ಟ_ತರು' ಇದ್ದ ಜಾಗದಲ್ಲಿ ಒಂದು ಸುಳ್ಳು ಫಂಕ್ಷನ್ ಕೂರಿಸಿ, ಅದರ ಬಾಯಿಂದ ಬೇಕಾದ ಅಂಕಿ ಹೇಳಿಸಬಹುದು. 70.261 ಹೇಳಿಸಿದರೆ 'ಹೋಗಬಹುದು' ಬರಬೇಕು, 70.262ಕ್ಕೆ 'ಬೇಡ'. ಜಾಲ ಕೆಟ್ಟಂತೆ ಎರರ್ ಎಸೆಯುವ ಹಾಗೂ ಮಾಡಬಹುದು. ಆಗ 'ಗೊತ್ತಿಲ್ಲ, ಘಾಟಿಗೆ ಹೋಗಿ ವಿಚಾರಿಸಿ' ಅನ್ನಬೇಕೇ ಹೊರತು 'ಹೋಗಬಹುದು' ಅಂದೀತು, ಜೋಕೆ!

ನಾವು ಜಾರಿದ್ದು ಅಣಕನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ. 'ನದಿ' ಮಾಡ್ಯೂಲಿನ ಒಳಗೇ 'ಮಟ್ಟ_ತರು' ಬದಲಿಸಿದೆವು. 70.261ರ ಟೆಸ್ಟು ಪಾಸು, 70.262ರದ್ದು ಫೇಲು. ರಾತ್ರಿಯೆಲ್ಲ ತಲೆ ಕೆರೆದುಕೊಂಡದ್ದಾಯಿತು. ಅಸಲಿಗೆ ಅಣಕು ಕೆಲಸವನ್ನೇ ಮಾಡಿರಲಿಲ್ಲ. ಎರಡು ಸಲವೂ ಉತ್ತರ ಕೊಟ್ಟದ್ದು ನಿಜವಾದ ಗಂಗೆ! ಆಕೆ ಕೆಳಗಿದ್ದಳು, ಹಾಗಾಗಿ ಮೊದಲನೆಯದು ಪುಕ್ಕಟೆ ಪಾಸಾಗಿತ್ತು.

ಕಾರಣ ಇಷ್ಟೆ. ನಮ್ಮ ಫೈಲಿನ ತಲೆಯಲ್ಲಿ 'ಫ್ರಮ್ ನದಿ ಇಂಪೋರ್ಟ್ ಮಟ್ಟ_ತರು' ಅಂತಿತ್ತು. ಹಾಗೆ ಬರೆದರೆ, ಹಾಲಿನವನ ನಂಬರನ್ನು ನಮ್ಮ ಡೈರಿಗೆ ಇಳಿಸಿಕೊಂಡ ಹಾಗೆ. ಆಮೇಲೆ ಡೇರಿಯ ರಿಜಿಸ್ಟರಿನಲ್ಲಿ ನಂಬರು ತಿದ್ದಿದರೆ ನಮ್ಮ ಡೈರಿ ತಿದ್ದುಪಡಿಯಾಗುತ್ತದೆಯೆ? ನಾವು ಹಳೇ ನಂಬರಿಗೇ ಫೋನ್ ಮಾಡ್ತೀವಿ. ಆದ್ದರಿಂದ ಬದಲಿಸಬೇಕಾದ್ದು 'ನದಿ.ಮಟ್ಟ_ತರು' ಅಲ್ಲ, 'ದೋಣಿ.ಮಟ್ಟ_ತರು'. ಬರೀ 'ಇಂಪೋರ್ಟ್ ನದಿ' ಎಂದು ಬರೆದು, ಪ್ರತಿ ಸಲವೂ 'ನದಿ.ಮಟ್ಟ_ತರು' ಎಂದೇ ಕರೆಯುತ್ತಿದ್ದರೆ ಮಾತು ಬೇರೆ. ಆಗ ಕರೆದಾಗಲೆಲ್ಲ ರಿಜಿಸ್ಟರನ್ನೇ ತೆಗೆದು ನೋಡಿದಂತೆ, ಅಲ್ಲಿ ತಿದ್ದಿದರೆ ಸಾಕು.

ಇದನ್ನು ಸರಿಮಾಡಿ ಬೀಗುತ್ತಿದ್ದಾಗ ಆಷಾಢ ಕಳೆದು ಶ್ರಾವಣ ಬಂತು. ಗೆಳೆಯನ ಅಜ್ಜಿ ಊರಿಂದ ಬಂದರು. ಟೆಸ್ಟುಗಳೆಲ್ಲ ಹಸಿರು, ಪ್ರೋಗ್ರಾಂ 'ಹೋಗಬಹುದು' ಅಂತು. ಮೊಣಕಾಲು ನೋವಿನ ಮುದುಕಿಯನ್ನು ಆಟೋದಲ್ಲಿ ಅಸ್ಸಿಗೆ ಕರೆದೊಯ್ದೆವು. ಮೆಟ್ಟಿಲುಗಳೇ ಕಾಣಿಸಲಿಲ್ಲ, ನೀರು ರಸ್ತೆಯ ಹತ್ತಿರ ಬಂದಿತ್ತು. "ನಿನ್ನ ಯಂತ್ರಾನ ಕೇಳೋ ಬದಲು ಆ ದೋಣಿಯವನ್ನ ಕೇಳಿದ್ರೆ ಆಗ್ತಿರಲಿಲ್ವೇನೋ?" ಅಂದರು ಅಜ್ಜಿ. ಮೂವರಿಗೂ ಮಾತು ಬರಲಿಲ್ಲ.

ಆದದ್ದೇನೆಂದರೆ, 'ನದಿ'ಯ ಹೊಸ ಆವೃತ್ತಿ ಮಟ್ಟವನ್ನು ಕೊಡುವ ಬದಲು ಅಪಾಯದ ಗೆರೆಗಿಂತ ಎಷ್ಟು ಹೆಚ್ಚು, ಎಷ್ಟು ಕಮ್ಮಿ ಎಂಬುದನ್ನು ಕೊಡತೊಡಗಿತ್ತು. ನೀರು ಗೆರೆ ದಾಟಿ ಕಾಲು ಮೀಟರು ಏರಿದ್ದರೂ ಬರುವುದು 0.25. ಅದು 70.262ಕ್ಕಿಂತ ಕಡಿಮೆ ತಾನೆ? ನಮ್ಮ ಅಣಕು ಮಾತ್ರ ಹಳೇ ಪಾಠವನ್ನೇ ಒಪ್ಪಿಸುತ್ತಿತ್ತು. 'ಆಟೋಸ್ಪೆಕ್' ಅಂತ ಒಂದಿದೆ, ಫಂಕ್ಷನ್ನಿಗೆ ಕೊಡುವ ಆರ್ಗ್ಯುಮೆಂಟುಗಳ ಲೆಕ್ಕ ತಪ್ಪಿದರೆ ಹಿಡಿದುಕೊಡುತ್ತದೆ. ಬಳಸಿ, ಒಳ್ಳೆಯದೇ. ಆದರೆ ಬರುವ ಅಂಕಿಯ ಅರ್ಥವೇ ಬದಲಾದರೆ ಅದಕ್ಕೂ ತಿಳಿಯದು.

ಈಗ 'ನದಿ'ಯ ಜೊತೆ ಮಾತಾಡುವ ಕೆಲಸವನ್ನು ನಮ್ಮದೇ ಒಂದು ಸಣ್ಣ ಫಂಕ್ಷನ್ನಿಗೆ ಒಪ್ಪಿಸಿದ್ದೇವೆ. ಮಿಕ್ಕ ಟೆಸ್ಟುಗಳಲ್ಲಿ ಅಣಕಿಸುವುದು ಅದನ್ನೇ. ಆ ಸಣ್ಣದಕ್ಕೆ ಮಾತ್ರ ಅಣಕಿಲ್ಲದ ಒಂದು ಟೆಸ್ಟು ದಿನಾ ಬೆಳಿಗ್ಗೆ ನಡೆಯುತ್ತದೆ, ಬಂದ ಅಂಕಿ 50ಕ್ಕೂ 80ಕ್ಕೂ ನಡುವೆ ಇದೆಯೇ ಅಂತ. ಇಂಟರ್‌ನೆಟ್ಟು ಹೋದಾಗ ಅದು ಫೇಲಾಗುತ್ತದೆ, ಆಗಲಿ ಬಿಡಿ. ಅಜ್ಜಿ ಕಾರ್ತಿಕಕ್ಕೆ ಮತ್ತೆ ಬರುತ್ತಾರಂತೆ.